ಗಂಟೆಗೊಂದು ವಿಮಾನ

1940ನೆಯ ಇಸವಿಯ ಮೇ ತಿಂಗಳು. ಯೂರೋಪಿನಲ್ಲಿ ಎರಡನೆಯ ಮಹಾಯುದ್ಧದ ದಳ್ಳುರಿ ಹಬ್ಬುತ್ತಿತ್ತು. ಜರ್ಮನಿಯ ಸೇನೆಗಳು ಹಾಲೆಂಡ್, ಬೆಲ್ಜಿಯಂ, ಫ್ರಾನ್ಸ್ ದೇಶಗಳ ಮೇಲೆ ಎರಗಿದ್ದವು. ನೆಲದ ಮೇಲೆ ಟ್ಯಾಂಕುಗಳು ಮುನ್ನುಗ್ಗುತ್ತಿದ್ದರೆ, ಅವುಗಳಿಗೆ ದಾರಿ ಬಿಡಿಸಿಕೊಡುತ್ತ ಆಕಾಶದಲ್ಲಿ ವಿಮಾನಗಳು ಹಾರುತ್ತಿದ್ದವು. ಆಕಾಶದ ಮೇಲೆ ಹಿಡಿತವಿಲ್ಲದವನಿಗೆ ನೆಲದ ಮೇಲೂ ನಿಲ್ಲಲು ಎಡೆಯಿಲ್ಲವೆಂಬ ಕಠೋರ ಸತ್ಯವನ್ನು ಜಗತ್ತು ಆ ದಿನಗಳಲ್ಲಿ ಕಣ್ಣಾರೆ ಕಂಡಿತು. ಆ ತಿಂಗಳ 16ರಂದು ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರು ತಮ್ಮ ದೇಶದ ಶಾಸನಸಭೆಯ ಮುಂದೆ ನಿಂತು, ವರ್ಷಕ್ಕೆ 50,000 ವಿಮಾನಗಳನ್ನು ನಿರ್ಮಿಸುವ ಶಕ್ತಿಯನ್ನು ದೇಶವು ಗಳಿಸಿಕೊಳ್ಳಬೇಕೆಂದು ಕೇಳಿದರು. ಆ ಸಂಖ್ಯೆಯನ್ನು ಕೇಳಿದವರು ಬೆರಗಾದರು. ಏಕೆಂದರೆ ಹಿಂದಿನ ವರ್ಷ ಅಮೆರಿಕದ ಕಾರ್ಖಾನೆಗಳೆಲ್ಲ ಸೇರಿ ತಯಾರಿಸಿದ್ದ ಸೈನಿಕ ವಿಮಾನಗಳು ಸುಮಾರು ಎರಡು ಸಾವಿರ ಮಾತ್ರ.

ಎರಡು ಸಾವಿರವೆಲ್ಲಿ, ಐವತ್ತು ಸಾವಿರವೆಲ್ಲಿ! ಈ ಅಂತರವನ್ನು ದಾಟಲು ಹಣವೊಂದೇ ಸಾಲದು. ವಿಮಾನವನ್ನು ಕಟ್ಟುವ ರೀತಿಯೇ ಬದಲಾಗಬೇಕಾಗಿತ್ತು. ಆ ಬದಲಾವಣೆಯು ಹೇಗೆ ಆಯಿತು, ಅದಕ್ಕಾಗಿ ಜನರು ಎಷ್ಟು ಬೆಲೆ ತೆತ್ತರು ಎಂಬುದಕ್ಕೆ ಅಮೆರಿಕದ ಮಿಷಿಗನ್ ರಾಜ್ಯದ ವಿಲೋ ರನ್ ಎಂಬ ಸ್ಥಳದಲ್ಲಿ ತಲೆಯೆತ್ತಿದ ಒಂದು ಕಾರ್ಖಾನೆಯ ಕಥೆಯೇ ಸಾಕ್ಷಿ.

ಅಂದಿನ ದಿನಗಳಲ್ಲಿ ವಿಮಾನ ನಿರ್ಮಾಣವು ಬಹುಮಟ್ಟಿಗೆ ಕೈಕಸಬಾಗಿತ್ತು. ನುರಿತ ಬಡಗಿಯೊಬ್ಬನು ಬಾಗಿಲನ್ನು ಚೌಕಟ್ಟಿಗೆ ಹೊಂದಿಸುವ ಬಗೆಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಅವನು ಬಾಗಿಲನ್ನು ನಿಲ್ಲಿಸಿ ನೋಡುತ್ತಾನೆ. ಎಲ್ಲಿ ತಗಲುವುದೋ ಅಲ್ಲಿ ಕೀಸುತ್ತಾನೆ. ಮತ್ತೆ ನಿಲ್ಲಿಸಿ ನೋಡುತ್ತಾನೆ. ಬಾಗಿಲು ಚೌಕಟ್ಟಿಗೆ ಚೆನ್ನಾಗಿಯೇ ಕೂಡಿಕೊಳ್ಳುತ್ತದೆ. ಆದರೆ ಅದೇ ಬಾಗಿಲನ್ನು ಪಕ್ಕದ ಮನೆಯ ಚೌಕಟ್ಟಿಗೆ ಕೂಡಿಸಲಾಗದು. ವಿಮಾನದ ಕಾರ್ಖಾನೆಗಳಲ್ಲಿಯೂ ಕುಶಲಕರ್ಮಿಗಳು ಲೋಹದ ತಗಡುಗಳನ್ನು ಹೀಗೆಯೇ ಬಗ್ಗಿಸಿ, ಕತ್ತರಿಸಿ, ಉಜ್ಜಿ, ಒಂದೊಂದು ವಿಮಾನಕ್ಕೂ ಬೇರೆಬೇರೆಯಾಗಿ ಹೊಂದಿಸುತ್ತಿದ್ದರು. ಕೆಲಸದಲ್ಲಿ ಕುಂದಿರಲಿಲ್ಲ, ಆದರೆ ಅದು ನಿಧಾನವಾದ ಕೆಲಸ. ಯುದ್ಧವಾದರೋ ಯಾರಿಗಾಗಿಯೂ ಕಾಯುವಂಥದಲ್ಲ.

ಅಮೆರಿಕದಲ್ಲಿ ಇನ್ನೊಂದು ಬಗೆಯ ಉತ್ಪಾದನೆಯೂ ಬೇರೂರಿತ್ತು. 1913ರಲ್ಲಿ ಹೆನ್ರಿ ಫೋರ್ಡರ ಮೋಟಾರು ಕಾರ್ಖಾನೆಯಲ್ಲಿ ಚಲಿಸುವ ಜೋಡಣಾ ಸಾಲು ಕಾರುಗಳಿಗೆ ಬಳಕೆಗೆ ಬಂದಿತು. ಅಲ್ಲಿ ಕೆಲಸಗಾರನು ಕಾರಿನ ಬಳಿಗೆ ಹೋಗುತ್ತಿರಲಿಲ್ಲ. ಕಾರೇ ಕೆಲಸಗಾರನ ಬಳಿಗೆ ಬರುತ್ತಿತ್ತು. ಬೀದಿಯಲ್ಲಿ ಸಾಗುವ ತೇರಿಗೆ ಪ್ರತಿ ಮನೆಯವರೂ ತಮ್ಮ ಬಾಗಿಲಲ್ಲಿಯೇ ನಿಂತು ಆರತಿ ಎತ್ತುವಂತೆ, ಸಾಲಿನುದ್ದಕ್ಕೂ ನಿಂತ ಕೆಲಸಗಾರರು ತಮ್ಮೆದುರಿಗೆ ಬಂದ ಕಾರಿಗೆ ತಮ್ಮ ಪಾಲಿನ ಒಂದೊಂದೇ ಭಾಗವನ್ನು ಜೋಡಿಸುತ್ತಿದ್ದರು. ಇದರಿಂದ ಹನ್ನೆರಡು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತಿದ್ದ ಕಾರಿನ ಅಡಿಗಟ್ಟಿನ ಜೋಡಣೆಯು 93 ನಿಮಿಷಗಳಿಗೆ ಇಳಿಯಿತು. ಈ ವಿಧಾನದ ಜೀವಾಳವೆಂದರೆ ಬಿಡಿಭಾಗಗಳ ಏಕರೂಪತೆ. ಯಾವ ಭಾಗವಾದರೂ ಯಾವ ಕಾರಿಗಾದರೂ ಉಜ್ಜದೆ, ತಟ್ಟದೆ ಹೊಂದಿಕೊಳ್ಳಬೇಕು. ಹೊಂದದಿದ್ದರೆ ಸಾಲು ನಿಲ್ಲುತ್ತದೆ.

ಈ ಜೋಡಣಾ ಸಾಲನ್ನು ರೂಪಿಸಿದವರಲ್ಲಿ ಚಾರ್ಲ್ಸ್ ಸೊರೆನ್ಸೆನ್ ಒಬ್ಬರು. ಡೆನ್ಮಾರ್ಕಿನಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದು, ಎರಕದ ಪಡಿಯಚ್ಚುಗಳನ್ನು ಮಾಡುವ ಕೆಲಸಗಾರರಾಗಿ ಫೋರ್ಡ್ ಸಂಸ್ಥೆಯನ್ನು ಸೇರಿದ್ದ ಅವರು, ಈ ವೇಳೆಗೆ ಆ ಸಂಸ್ಥೆಯ ಉತ್ಪಾದನೆಯ ಹೊಣೆಯನ್ನೆಲ್ಲ ಹೊತ್ತಿದ್ದರು. 1941ರ ಜನವರಿಯಲ್ಲಿ ಅವರು ಸ್ಯಾನ್ ಡಿಯಾಗೋ ನಗರದ ಕನ್ಸಾಲಿಡೇಟೆಡ್ ವಿಮಾನ ಕಾರ್ಖಾನೆಗೆ ಭೇಟಿಯಿತ್ತರು. ಬಿ-24 ಎಂಬ ಭಾರೀ ಬಾಂಬರ್ ವಿಮಾನವು ಅಲ್ಲಿ ತಯಾರಾಗುತ್ತಿತ್ತು. ‘ಲಿಬರೇಟರ್’, ಎಂದರೆ ವಿಮೋಚಕ, ಎಂಬುದು ಅದಕ್ಕೆ ಬಂದ ಹೆಸರು. ರೆಕ್ಕೆಯ ತುದಿಯಿಂದ ತುದಿಗೆ 110 ಅಡಿ ಅಗಲ, ನಾಲ್ಕು ಎಂಜಿನುಗಳು, ದೂರದ ಗುರಿಯನ್ನು ಮುಟ್ಟಿ ಹಿಂದಿರುಗುವ ಸಾಮರ್ಥ್ಯ. ಅಂತಹ ವಿಮಾನದ ಕೊನೆಯ ಜೋಡಣೆಯು ಅಲ್ಲಿ ಬಯಲಿನಲ್ಲಿ, ಉರಿಬಿಸಿಲಿನಲ್ಲಿ ನಡೆಯುತ್ತಿತ್ತು. ಬಿಸಿಲಿನ ಕಾವಿಗೆ ಉಕ್ಕಿನ ಆಧಾರ ಚೌಕಟ್ಟುಗಳು ಹಿಗ್ಗುತ್ತಿದ್ದವು, ತಂಪಾದಾಗ ಕುಗ್ಗುತ್ತಿದ್ದವು. ಆದುದರಿಂದ ಒಂದು ವಿಮಾನದಂತೆ ಇನ್ನೊಂದು ಇರುತ್ತಿರಲಿಲ್ಲ. ಆ ಕಾರ್ಖಾನೆಯವರ ಗುರಿ ದಿನಕ್ಕೊಂದು ವಿಮಾನ.

ಅಂದು ರಾತ್ರಿ ಸೊರೆನ್ಸೆನ್ ಮಲಗಲಿಲ್ಲ. ತಂಗಿದ್ದ ಹೋಟೆಲಿನ ಕೋಣೆಯಲ್ಲಿ ಹಾಳೆಗಳನ್ನು ಹರಡಿಕೊಂಡು ಕುಳಿತರು. ವಿಮಾನವನ್ನು ಮನಸ್ಸಿನಲ್ಲಿಯೇ ತುಂಡುತುಂಡಾಗಿ ಬಿಡಿಸಿದರು: ನಡುರೆಕ್ಕೆ, ಹೊರರೆಕ್ಕೆ, ಮೂತಿ, ಒಡಲು, ಬಾಲ. ಒಂದೊಂದು ಭಾಗಕ್ಕೂ ಪ್ರತ್ಯೇಕ ಜೋಡಣೆಯ ಸ್ಥಳ. ಎಲ್ಲ ಭಾಗಗಳೂ ತೊರೆಗಳು ನದಿಯನ್ನು ಸೇರುವಂತೆ ಕೊನೆಗೆ ಒಂದೇ ಮಹಾ ಸಾಲಿಗೆ ಬಂದು ಕೂಡಬೇಕು. ಎಷ್ಟು ಜನ, ಎಷ್ಟು ಯಂತ್ರ, ಎಷ್ಟು ಜಾಗ ಬೇಕೆಂದು ಲೆಕ್ಕ ಹಾಕಿದರು. ಬೆಳಗಾಗುವಷ್ಟರಲ್ಲಿ ಒಂದು ಮೈಲಿಗೂ ಸಮೀಪವಾದ ಉದ್ದದ ಕಾರ್ಖಾನೆಯೊಂದರ ರೇಖಾಚಿತ್ರವು ಸಿದ್ಧವಾಗಿತ್ತು. ಅದರ ಗುರಿ ದಿನಕ್ಕೊಂದಲ್ಲ, ಗಂಟೆಗೊಂದು ವಿಮಾನ!

ವಿಮಾನ ತಯಾರಕರಲ್ಲಿ ಅನೇಕರು ಈ ಮಾತನ್ನು ನಂಬಲಿಲ್ಲ. ಅವರ ಅಪನಂಬಿಕೆಗೆ ಕಾರಣವಿಲ್ಲದಿರಲಿಲ್ಲ. ಕಾರೊಂದರಲ್ಲಿ ಸುಮಾರು 15,000 ಬಿಡಿಭಾಗಗಳಿದ್ದರೆ, ಲಿಬರೇಟರಿನಲ್ಲಿ ಹನ್ನೆರಡು ಲಕ್ಷಕ್ಕೂ ಮಿಗಿಲಾಗಿ ಇದ್ದವು. ಅದರ ತಗಡುಗಳನ್ನು ಬಿಗಿಯುವ ರಿವೆಟ್ಟುಗಳೇ ಮೂರು ಲಕ್ಷಕ್ಕೂ ಹೆಚ್ಚು. ಕಾರಿನಲ್ಲಿ ತಿರುಪು ಸಡಿಲವಾದರೆ ದಾರಿಯ ಬದಿಗೆ ನಿಲ್ಲಿಸಬಹುದು; ಆಕಾಶದಲ್ಲಿ ನಿಲ್ಲಿಸಲು ದಾರಿಯ ಬದಿ ಎಲ್ಲಿದೆ?

ಡೆಟ್ರಾಯಿಟ್ ನಗರದಿಂದ ಪಶ್ಚಿಮಕ್ಕೆ ಸುಮಾರು ಮೂವತ್ತು ಮೈಲಿ ದೂರದಲ್ಲಿ, ಇಪ್ಸಿಲಾಂಟಿ ಎಂಬ ಊರಿನ ಬಳಿ, ವಿಲೋ ರನ್ ಎಂಬ ಸಣ್ಣ ತೊರೆಯೊಂದು ಹರಿಯುತ್ತಿತ್ತು. ಅಲ್ಲಿ ಹೆನ್ರಿ ಫೋರ್ಡರ ಹೊಲಗಳಿದ್ದವು; ಬಾಲಕರು ಬೇಸಾಯ ಕಲಿಯುವ ಶಿಬಿರವೂ ಇತ್ತು. 1941ರ ಏಪ್ರಿಲಿನಲ್ಲಿ ಅಲ್ಲಿನ ಮರಗಳನ್ನು ಕಡಿದು ಕಟ್ಟಡದ ಕೆಲಸವನ್ನು ಆರಂಭಿಸಲಾಯಿತು. ಪ್ರಸಿದ್ಧ ಶಿಲ್ಪಿ ಆಲ್ಬರ್ಟ್ ಕಾನ್ ಅದರ ವಿನ್ಯಾಸವನ್ನು ಸಿದ್ಧಪಡಿಸಿದರು. ಸುಮಾರು 35 ಲಕ್ಷ ಚದರ ಅಡಿಗಳ ನೆಲಹರವಿನ ಆ ಕಟ್ಟಡವು ಅಂದಿನ ಜಗತ್ತಿನ ಅತಿದೊಡ್ಡ ಕಾರ್ಖಾನೆಗಳಲ್ಲಿ ಒಂದಾಗಿತ್ತು. ಜೋಡಣಾ ಸಾಲು ಒಂದು ಕಡೆ ಲಂಬಕೋನದಲ್ಲಿ ತಿರುಗುತ್ತಿತ್ತು. ಆ ತಿರುವಿನಲ್ಲಿ ವಿಮಾನವನ್ನು ಬೃಹತ್ತಾದ ತಿರುಗುಮಣೆಯೊಂದರ ಮೇಲೆ ನಿಲ್ಲಿಸಿ, ದಿಕ್ಕು ಬದಲಿಸಿ, ಮುಂದಕ್ಕೆ ಸಾಗಿಸುತ್ತಿದ್ದರು. ಕಟ್ಟಡದ ಆಚೆಗೆ ವಿಮಾನ ನಿಲ್ದಾಣ. 1941ರ ಡಿಸೆಂಬರ್ 7ರಂದು ಜಪಾನು ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿದಾಗ ಅಮೆರಿಕವೂ ಯುದ್ಧಕ್ಕಿಳಿಯಿತು. ಕಾರ್ಖಾನೆಯ ಕೆಲಸಕ್ಕೆ ತರಾತುರಿ ಹೆಚ್ಚಿತು.

1942ರ ಸೆಪ್ಟೆಂಬರಿನಲ್ಲಿ ಮೊದಲ ವಿಮಾನವು ಪೂರ್ಣಗೊಂಡಿತು. ಆದರೆ ಆ ವರ್ಷದ ಕೊನೆಯವರೆಗೆ ಒಟ್ಟು ನೂರು ವಿಮಾನಗಳೂ ಹೊರಬರಲಿಲ್ಲ. ಗಂಟೆಗೊಂದು ವಿಮಾನವೆಂದು ಸಾರಿದವರು ತಲೆ ತಗ್ಗಿಸಬೇಕಾಯಿತು. ಕಾರ್ಖಾನೆಯ ಹೆಸರನ್ನೇ ತಿರುಚಿ, ಇದು ನಡೆದೀತೇ ಎಂಬ ಅರ್ಥ ಬರುವಂತೆ ಜನರು ಹಾಸ್ಯ ಮಾಡಿದರು. ಶಾಸನಸಭೆಯ ವಿಚಾರಣಾ ಸಮಿತಿಯೂ ಟೀಕಿಸಿತು. ಸೋಲಿಗೆ ಕಾರಣಗಳು ಒಂದಲ್ಲ, ಹಲವು.

ಮೊದಲನೆಯದು ಅಚ್ಚುಗಳ ಪ್ರಶ್ನೆ. ವಿಮಾನ ತಯಾರಕರು ತಗಡುಗಳನ್ನು ಒತ್ತಲು ಮೆತುವಾದ ಮಿಶ್ರಲೋಹದ ಅಚ್ಚುಗಳನ್ನು ಬಳಸುತ್ತಿದ್ದರು. ಅವು ಬೇಗನೆ ಸವೆಯುತ್ತಿದ್ದರೂ, ಸುಲಭವಾಗಿ ಕರಗಿಸಿ ಹೊಸದಾಗಿ ಎರೆಯಬಹುದಾಗಿತ್ತು. ಫೋರ್ಡ್ ಸಂಸ್ಥೆಯವರು ತಮ್ಮ ರೂಢಿಯಂತೆ ಗಟ್ಟಿಯಾದ ಉಕ್ಕಿನ ಅಚ್ಚುಗಳನ್ನು ಮಾಡಿದರು. ಒಂದು ಅಚ್ಚಿನಿಂದ ಸಾವಿರಾರು ಭಾಗಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಒತ್ತಬಹುದೆಂಬುದು ಅವರ ಎಣಿಕೆ. ಎಣಿಕೆ ಸರಿಯಾದುದೇ. ಆದರೆ ರಣರಂಗದಿಂದ ದಿನದಿನವೂ ಹೊಸ ಬೇಡಿಕೆಗಳು ಬರುತ್ತಿದ್ದವು: ಮೂತಿಯಲ್ಲಿ ಬಂದೂಕು ಬೇಕು, ಇಂಧನದ ತೊಟ್ಟಿಗೆ ರಕ್ಷಣೆ ಬೇಕು, ಕವಚ ಬದಲಾಗಬೇಕು. ವಿನ್ಯಾಸದಲ್ಲಿ ಬದಲಾವಣೆಯಾದಾಗಲೆಲ್ಲ ಬೆಲೆಬಾಳುವ ಉಕ್ಕಿನ ಅಚ್ಚುಗಳು ನಿರುಪಯುಕ್ತವಾಗುತ್ತಿದ್ದವು, ಸಾಲು ನಿಲ್ಲುತ್ತಿತ್ತು.

ಎರಡನೆಯದು ನಕಾಶೆಗಳ ತೊಡಕು. ಕೈಕಸಬಿನ ಕಾರ್ಖಾನೆಯಲ್ಲಿ ನಕಾಶೆಯು ಹೇಳದೆ ಬಿಟ್ಟುದನ್ನು ಕುಶಲಕರ್ಮಿಯ ಅನುಭವವು ತುಂಬುತ್ತಿತ್ತು. ಯಂತ್ರಕ್ಕೆ ಅಂತಹ ಅನುಭವವಿಲ್ಲ. ಹೇಳಿದಷ್ಟನ್ನೇ ಅದು ಮಾಡಬಲ್ಲುದು. ಆದುದರಿಂದ ಸಾವಿರಾರು ನಕಾಶೆಗಳನ್ನು ಹೊಸದಾಗಿ, ಅಳತೆಗಳನ್ನು ಖಚಿತಪಡಿಸಿ, ಬರೆಯಬೇಕಾಯಿತು.

ಎಲ್ಲಕ್ಕಿಂತ ಕಠಿಣವಾದುದು ಜನರ ಪ್ರಶ್ನೆ. ಹೊಲಗಳ ನಡುವೆ ಕಟ್ಟಿದ ಕಾರ್ಖಾನೆಗೆ ಹತ್ತಾರು ಸಾವಿರ ಕೆಲಸಗಾರರು ಬೇಕಾಗಿದ್ದರು. ಅವರು ಉಳಿಯಲು ಮನೆಗಳಿರಲಿಲ್ಲ. ದಕ್ಷಿಣದ ಬಡ ಪ್ರದೇಶಗಳಿಂದ ಕೆಲಸವನ್ನರಸಿ ಬಂದವರು ಗುಡಾರಗಳಲ್ಲಿ, ಗಾಲಿಮನೆಗಳಲ್ಲಿ ಸಂಸಾರ ಹೂಡಿದರು. ಕೆಲವೆಡೆ ಒಂದೇ ಹಾಸಿಗೆಯಲ್ಲಿ ಹಗಲು ಪಾಳಿಯವನು ಎದ್ದೊಡನೆ ರಾತ್ರಿ ಪಾಳಿಯವನು ಮಲಗುತ್ತಿದ್ದನು. ಡೆಟ್ರಾಯಿಟಿನಿಂದ ಬಂದುಹೋಗುವವರಿಗೆ ಪೆಟ್ರೋಲಿಗೂ ಟೈರಿಗೂ ಪಡಿತರದ ಮಿತಿ. ಕೆಲಸ ಕಲಿತವರು ಸೈನ್ಯಕ್ಕೆ ಸೇರಿಹೋಗುತ್ತಿದ್ದರು. ಇನ್ನು ಕೆಲವರು ಬೇಸತ್ತು ಬಿಟ್ಟುಹೋಗುತ್ತಿದ್ದರು. ಯಂತ್ರಗಳನ್ನು ಸಾಲಾಗಿ ನಿಲ್ಲಿಸುವುದನ್ನು ಯೋಚಿಸಿದವರು, ಆ ಯಂತ್ರಗಳ ಮುಂದೆ ನಿಲ್ಲುವವರು ರಾತ್ರಿ ಎಲ್ಲಿ ಮಲಗುವರೆಂಬುದನ್ನು ಸಾಕಷ್ಟು ಯೋಚಿಸಿರಲಿಲ್ಲ. ಆ ಮರೆವಿಗೆ ಕಾರ್ಖಾನೆಯು ತಿಂಗಳುಗಟ್ಟಲೆ ದಂಡ ತೆತ್ತಿತು.

ಆದರೆ ಸೋಲಿನಿಂದ ಪಾಠ ಕಲಿಯಲು ಹಿಂಜರಿಯದವನಿಗೆ ಸೋಲು ಕೊನೆಯಲ್ಲ. ಸರ್ಕಾರವು ಕೆಲಸಗಾರರಿಗಾಗಿ ವಸತಿಗಳನ್ನು ಕಟ್ಟಿಸಿತು. ಡೆಟ್ರಾಯಿಟಿನಿಂದ ಹೆದ್ದಾರಿಯನ್ನು ನಿರ್ಮಿಸಲಾಯಿತು. ಹೊಸಬರಿಗೆ ಕೆಲಸ ಕಲಿಸಲು ಕಾರ್ಖಾನೆಯ ಪಕ್ಕದಲ್ಲಿಯೇ ತರಬೇತಿ ಶಾಲೆ ನಡೆಯಿತು. ಕೆಲವು ಭಾಗಗಳ ತಯಾರಿಕೆಯನ್ನು ಬೇರೆ ಊರುಗಳ ಕಾರ್ಖಾನೆಗಳಿಗೆ ಹಂಚಿಕೊಡಲಾಯಿತು. ವಿನ್ಯಾಸದ ಬದಲಾವಣೆಗಳ ವಿಷಯದಲ್ಲಿಯೂ ಒಂದು ಒಪ್ಪಂದವಾಯಿತು. ಬದಲಾವಣೆಗಳನ್ನು ಬಂದಬಂದಂತೆ ಸಾಲಿಗೆ ತರದೆ, ಒಟ್ಟುಗೂಡಿಸಿ, ನಿರ್ದಿಷ್ಟ ಸಂಖ್ಯೆಯ ವಿಮಾನಗಳು ಮುಗಿದ ಮೇಲೆ ಒಮ್ಮೆಗೇ ಅಳವಡಿಸಬೇಕು. ಅಷ್ಟರೊಳಗೆ ತುರ್ತಾಗಿ ಬೇಕಾದುದನ್ನು, ವಿಮಾನವು ಹೊರಬಂದ ಮೇಲೆ, ಬೇರೊಂದು ಕೇಂದ್ರದಲ್ಲಿ ಮಾಡಬೇಕು. ಹೀಗೆ ನಿಲ್ಲದೆ ಸಾಗಬೇಕಾದ ಸಾಲಿಗೂ, ನಿಲ್ಲದೆ ಬದಲಾಗುವ ಯುದ್ಧಕ್ಕೂ ಹೊಂದಾಣಿಕೆ ಏರ್ಪಟ್ಟಿತು.

1943ರಲ್ಲಿ ಕಾರ್ಖಾನೆಯ ಕೆಲಸಗಾರರ ಸಂಖ್ಯೆ 42,000ವನ್ನು ಮುಟ್ಟಿತು. ಅವರಲ್ಲಿ ಸುಮಾರು ಮೂರನೆಯ ಒಂದು ಪಾಲು ಮಹಿಳೆಯರು. ಅಲ್ಲಿಯವರೆಗೆ ಅಡುಗೆಮನೆ, ಅಂಗಡಿ, ಹೊಲ, ಶಾಲೆಗಳಲ್ಲಿ ದುಡಿದಿದ್ದ ಅವರು, ಈಗ ತಲೆಗೆ ವಸ್ತ್ರ ಕಟ್ಟಿ ರಿವೆಟ್ ಬಂದೂಕನ್ನು ಹಿಡಿದರು. ರಿವೆಟ್ ಹೊಡೆಯುವುದು ಇಬ್ಬರ ಕೆಲಸ. ತಗಡಿನ ಹೊರಬದಿಯಿಂದ ಒಬ್ಬರು ಬಂದೂಕಿನಿಂದ ರಿವೆಟ್ಟನ್ನು ಬಡಿಯುತ್ತಿದ್ದರೆ, ಒಳಬದಿಯಲ್ಲಿ ಇನ್ನೊಬ್ಬರು ಉಕ್ಕಿನ ಗಟ್ಟಿಯೊಂದನ್ನು ಒತ್ತಿ ಹಿಡಿಯಬೇಕು. ಆಗ ಅದರ ತುದಿ ಚಪ್ಪಟೆಯಾಗಿ ತಗಡುಗಳು ಬಿಗಿದುಕೊಳ್ಳುತ್ತವೆ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣದಿದ್ದರೂ ಇಬ್ಬರ ಕೈಗಳೂ ಒಂದೇ ಲಯದಲ್ಲಿ ಇರಬೇಕು. ದೊಡ್ಡವರು ನುಸುಳಲಾರದ ರೆಕ್ಕೆಯ ಇಕ್ಕಟ್ಟಿನೊಳಗೆ, ಕುಳ್ಳಾದ ಮೈಕಟ್ಟಿನವರು ಹೊಕ್ಕು ಈ ಕೆಲಸವನ್ನು ನಿರ್ವಹಿಸಿದರು. ಬೇರೆಡೆಗಳಲ್ಲಿ ಹಾಸ್ಯಕ್ಕೆ ಗುರಿಯಾಗುತ್ತಿದ್ದ ಅವರ ಎತ್ತರವೇ ಇಲ್ಲಿ ಅವರಿಗೆ ಬೆಲೆಯನ್ನು ತಂದಿತು. ‘ರಿವೆಟ್ ಹೊಡೆಯುವ ರೋಸಿ’ ಎಂಬ ಹೆಸರು ಆ ಕಾಲದ ಅಮೆರಿಕದ ದುಡಿಯುವ ಮಹಿಳೆಯರೆಲ್ಲರ ಸಂಕೇತವಾಯಿತು.

1944ರ ವೇಳೆಗೆ ಹಾಸ್ಯ ಮಾಡಿದವರು ಮೌನವಾದರು. ಆ ವರ್ಷದ ವಸಂತಕಾಲದಲ್ಲಿ ಒಂದೇ ತಿಂಗಳಲ್ಲಿ 400ಕ್ಕೂ ಹೆಚ್ಚು ವಿಮಾನಗಳು ವಿಲೋ ರನ್ನಿನಿಂದ ಹೊರಬಂದವು. ಕೆಲಸದ ಗಂಟೆಗಳ ಲೆಕ್ಕದಲ್ಲಿ ಸುಮಾರು ಗಂಟೆಗೊಂದು! ಹೋಟೆಲಿನ ಕೋಣೆಯಲ್ಲಿ ಬರೆದ ಲೆಕ್ಕವು ಕೊನೆಗೂ ನಿಜವಾಗಿತ್ತು. ವಿಮಾನಗಳನ್ನು ಕೊಂಡೊಯ್ಯಲು ಬಂದ ಚಾಲಕರು ಅಲ್ಲಿಯೇ ಮಂಚಗಳ ಮೇಲೆ ಮಲಗಿ, ತಮ್ಮ ವಿಮಾನವು ಸಾಲಿನಿಂದ ಇಳಿಯುವುದನ್ನು ಕಾಯುತ್ತಿದ್ದರು. ಯುದ್ಧ ಮುಗಿಯುವಷ್ಟರಲ್ಲಿ, ಬೇರೆಡೆ ಜೋಡಿಸಲೆಂದು ಕಳುಹಿಸಿದ ಬಿಡಿಭಾಗಗಳ ಕಟ್ಟುಗಳೂ ಸೇರಿ, 8,685 ಲಿಬರೇಟರುಗಳು ಈ ಒಂದೇ ಕಾರ್ಖಾನೆಯಿಂದ ಹೊರಬಿದ್ದಿದ್ದವು. ಇಡೀ ಅಮೆರಿಕವು 1944ರಲ್ಲಿ ತಯಾರಿಸಿದ ಸೈನಿಕ ವಿಮಾನಗಳು ಸುಮಾರು 96,000. ಅದೇ ವರ್ಷ ಜರ್ಮನಿಯು ಸುಮಾರು 40,000ವನ್ನೂ, ಜಪಾನು ಸುಮಾರು 28,000ವನ್ನೂ ತಯಾರಿಸಿದ್ದವು. ಯುದ್ಧದ ತೀರ್ಪು ಎತ್ತ ವಾಲುವುದೆಂಬುದಕ್ಕೆ ಈ ಅಂಕಿಗಳೇ ಒಂದು ಉತ್ತರ.

ಆದರೆ ಅಂಕಿಗಳ ಹಿಂದೆ ಮನುಷ್ಯರಿದ್ದಾರೆಂಬುದನ್ನು ಮರೆಯಲಾಗದು. ಲಿಬರೇಟರುಗಳು ಅಟ್ಲಾಂಟಿಕ್ ಸಾಗರದ ನಡುವೆ ಬೇರೆ ವಿಮಾನಗಳು ತಲಪಲಾರದ ಕಡೆಗೆ ಹಾರಿ, ಜಲಾಂತರ್ಗಾಮಿಗಳಿಂದ ಹಡಗುಗಳನ್ನು ಕಾಪಾಡಿದವು. ಅವೇ ವಿಮಾನಗಳು ಶತ್ರುದೇಶದ ನಗರಗಳ ಮೇಲೆ ಬಾಂಬುಗಳನ್ನೂ ಸುರಿಸಿದವು. ಆ ಬಾಂಬುಗಳಿಗೆ ಸೈನಿಕರು ಯಾರು, ಮಕ್ಕಳು ಯಾರು ಎಂಬ ಭೇದವಿರಲಿಲ್ಲ. ಹಾರಿಸಿದವರಿಗೂ ಸಾವು ದೂರವಿರಲಿಲ್ಲ. 1943ರ ಆಗಸ್ಟ್ 1ರಂದು ರುಮೇನಿಯದ ಪ್ಲೊಯೆಷ್ಟಿ ಎಂಬಲ್ಲಿನ ತೈಲಾಗಾರಗಳ ಮೇಲೆ ದಾಳಿ ಮಾಡಲು 177 ಲಿಬರೇಟರುಗಳು ಹೊರಟವು. ಐವತ್ತಕ್ಕೂ ಹೆಚ್ಚು ವಿಮಾನಗಳು ಅಂದು ನಾಶವಾದವು. ಕಳೆದ ವಿಮಾನಕ್ಕೆ ಬದಲಾಗಿ ಇನ್ನೊಂದನ್ನು ಕಾರ್ಖಾನೆಯು ಗಂಟೆಯೊಳಗೆ ಕೊಡಬಲ್ಲುದಾಗಿತ್ತು. ಅದರೊಳಗಿದ್ದ ಹತ್ತು ಜನ ತರುಣರಲ್ಲಿ ಒಬ್ಬನನ್ನಾದರೂ ಮರಳಿ ಕೊಡುವ ಸಾಲನ್ನು ಯಾವ ತಂತ್ರಜ್ಞನೂ ಕಟ್ಟಲಾರದೆ ಹೋದನು.

1945ರ ಜೂನ್ 28ರಂದು ವಿಲೋ ರನ್ನಿನ ಕೊನೆಯ ಬಾಂಬರ್ ಹೊರಬಂದಿತು. ಅದಕ್ಕೆ ಹೆನ್ರಿ ಫೋರ್ಡರ ಹೆಸರನ್ನಿಡಬೇಕೆಂದಿತ್ತು. ಆದರೆ ಅವರು ತಮ್ಮ ಹೆಸರನ್ನು ತೆಗೆಸಿ, ಕೆಲಸಗಾರರೇ ಅದರ ಮೂತಿಯ ಮೇಲೆ ತಮ್ಮ ಹೆಸರುಗಳನ್ನು ಬರೆಯುವಂತೆ ಮಾಡಿದರು. ಬಳಿಕ ಸಾಲು ನಿಂತಿತು. ಸಾವಿರಾರು ಜನರ, ಅದರಲ್ಲಿಯೂ ಮಹಿಳೆಯರ, ಕೆಲಸ ಹೋಯಿತು. ಯುದ್ಧ ಮುಗಿದ ಮೇಲೆ ಅಷ್ಟೊಂದು ಬಾಂಬರುಗಳು ಯಾರಿಗೂ ಬೇಕಾಗಿರಲಿಲ್ಲ. ಅಮೆರಿಕದ ಬಯಲುಗಳಲ್ಲಿ ಅವುಗಳನ್ನು ಸಾಲುಸಾಲಾಗಿ ನಿಲ್ಲಿಸಿ, ಕಡಿದು, ಕುಲುಮೆಗಳಲ್ಲಿ ಕರಗಿಸಲಾಯಿತು.

ಈ ಲಿಬರೇಟರುಗಳ ಕಥೆಗೆ ಬೆಂಗಳೂರಿನಲ್ಲಿ ಇನ್ನೊಂದು ಅಧ್ಯಾಯವಿದೆ. ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಅಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದ್ದರು. ಯುದ್ಧಕಾಲದಲ್ಲಿ ಅದು ಅಮೆರಿಕದ ವಾಯುಸೇನೆಯ ಆಡಳಿತಕ್ಕೆ ಒಳಪಟ್ಟು, ವಿಮಾನಗಳ ದುರಸ್ತಿಯ ದೊಡ್ಡ ಕೇಂದ್ರವಾಯಿತು. ಇಲ್ಲಿನ ಕೆಲಸಗಾರರು ಭಾರೀ ವಿಮಾನಗಳ ಅಂಗಾಂಗಗಳನ್ನು ಬಲ್ಲವರಾದರು. ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆಯು ಕಾನ್ಪುರದಲ್ಲಿ ಹಲವಾರು ಲಿಬರೇಟರುಗಳನ್ನು, ಇನ್ನು ಮುಂದೆ ಯಾರೂ ಹಾರಿಸದಂತೆ ಹಾಳುಗೆಡವಿ, ಬಿಟ್ಟುಹೋಯಿತು. ಸ್ವತಂತ್ರ ಭಾರತಕ್ಕೆ ಭಾರೀ ಬಾಂಬರುಗಳು ಬೇಕಾಗಿದ್ದವು, ಕೊಳ್ಳಲು ಹಣವಿರಲಿಲ್ಲ. ಆಗ ಬೆಂಗಳೂರಿನ ತಂತ್ರಜ್ಞರು ಆ ಗುಜರಿಯ ರಾಶಿಯಲ್ಲಿ ಒಂದರ ಭಾಗವನ್ನು ಇನ್ನೊಂದಕ್ಕೆ ಕೂಡಿಸಿ, ಹಾರುವಷ್ಟು ಸಜ್ಜುಗೊಳಿಸಿದರು. ಪರೀಕ್ಷಾ ಚಾಲಕ ಜಿಮ್ಮಿ ಮುನ್ಷಿಯವರು ಅವುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ಣ ದುರಸ್ತಿ ಹೊಂದಿ, 1948ರಿಂದ ಅವು ಭಾರತೀಯ ವಾಯುಪಡೆಯನ್ನು ಸೇರಿದವು. ಒಂದರ ಭಾಗ ಇನ್ನೊಂದಕ್ಕೆ ಹೊಂದಿಕೊಂಡುದು ಹೇಗೆ? ಏಕರೂಪದ ಬಿಡಿಭಾಗಗಳೆಂಬ ಆ ಹಳೆಯ ತತ್ತ್ವದಿಂದಲೇ. ಸಮುದ್ರಗಳಾಚೆಯ ಕೆಲಸಗಾರರು ಅಳತೆ ತಪ್ಪದೆ ಮಾಡಿದ ಭಾಗಗಳು ಇಲ್ಲಿಯ ಕೆಲಸಗಾರರ ಕೈಯಲ್ಲಿ ಮತ್ತೆ ಕೂಡಿಕೊಂಡವು.

ಭಾರತದ ಲಿಬರೇಟರುಗಳು 1968ರವರೆಗೆ ಸೇವೆಯಲ್ಲಿದ್ದವು. ಅಷ್ಟರಲ್ಲಿ ಅವುಗಳನ್ನು ನಿರ್ಮಿಸಿದ ದೇಶದಲ್ಲಿಯೇ ಅವು ಅಪರೂಪವಾಗಿದ್ದವು. ಆದುದರಿಂದ ಇಲ್ಲಿ ನಿವೃತ್ತಿ ಹೊಂದಿದ ಕೆಲವು ವಿಮಾನಗಳು ಅಮೆರಿಕ, ಬ್ರಿಟನ್, ಕೆನಡಾ ದೇಶಗಳ ವಸ್ತುಸಂಗ್ರಹಾಲಯಗಳಿಗೆ ಹೋದವು. ವಿಲೋ ರನ್ನಿನ ಕಾರ್ಖಾನೆಯಲ್ಲಿ ಮುಂದೆ ಕಾರುಗಳೂ ಅವುಗಳ ಗೇರು ವ್ಯವಸ್ಥೆಗಳೂ ತಯಾರಾದವು. 2010ರಲ್ಲಿ ಅದು ಮುಚ್ಚಿತು. ಬಳಿಕ ಕಟ್ಟಡದ ಬಹುಭಾಗವನ್ನು ಕೆಡವಿ, ಒಂದು ಭಾಗವನ್ನು ಮಾತ್ರ ವಸ್ತುಸಂಗ್ರಹಾಲಯಕ್ಕಾಗಿ ಉಳಿಸಿಕೊಳ್ಳಲಾಯಿತು.

ಅಸಾಧ್ಯವೆನಿಸಿದುದನ್ನು ಬಿಡಿಬಿಡಿಯಾಗಿ ವಿಂಗಡಿಸಿ, ಒಂದೊಂದನ್ನೂ ತಪ್ಪಿಲ್ಲದೆ ಮಾಡಿ, ಮತ್ತೆ ಕೂಡಿಸಿದರೆ ಅದು ಸಾಧ್ಯವಾಗುತ್ತದೆಂಬುದನ್ನು ಈ ಕಥೆ ತೋರಿಸುತ್ತದೆ. ಯಂತ್ರಕ್ಕಿಂತ ಮೊದಲು ಯಂತ್ರದ ಮುಂದೆ ನಿಲ್ಲುವ ಮನುಷ್ಯನನ್ನು ನೆನೆಯಬೇಕೆಂಬುದನ್ನೂ ತೋರಿಸುತ್ತದೆ. ಯುದ್ಧದ ಭಯವು ಆ ಕೈಗಳನ್ನೆಲ್ಲ ಒಂದುಗೂಡಿಸಿತು. ನಾಶಕ್ಕಾಗಿ ಅಷ್ಟು ಬೇಗ ಒಂದಾಗಬಲ್ಲ ಮಾನವನು, ಮನೆ, ಅನ್ನ, ಔಷಧಗಳಿಗಾಗಿಯೂ ಅದೇ ಶ್ರದ್ಧೆಯಿಂದ ಒಂದಾಗುವನೇ? ವಿಲೋ ರನ್ ಕೇಳಿದ ಈ ಪ್ರಶ್ನೆಗೆ ಉತ್ತರವನ್ನು ಪ್ರತಿಯೊಂದು ತಲೆಮಾರೂ ತನ್ನ ದುಡಿಮೆಯಿಂದಲೇ ಬರೆಯಬೇಕಾಗಿದೆ.